ವಯಸ್ಸಾದವರ ಮೂಳೆ ಮುರಿತ ಮತ್ತು ಆಕ್ಸಿಡೇಟಿವ್ ಸ್ಟ್ರೆಸ್: ಬಿದ್ದ ಗಳಿಗೆಯಿಂದ ಮತ್ತೆ ನಡೆಯುವವರೆಗೆ ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಎಪ್ಪತ್ತು ದಾಟಿದವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಮನೆಯವರು ಮೊದಲು ಕೇಳುವುದು, ‘ಈ ವಯಸ್ಸಲ್ಲಿ ಮೂಳೆ ಕೂಡುತ್ತಾ ಡಾಕ್ಟ್ರೇ?’ ಎಂದು. ಕೂಡುತ್ತದೆ. ಆದರೆ ಇಪ್ಪತ್ತರ ಹುಡುಗನಲ್ಲಿ ಕೂಡುವಷ್ಟು ಬೇಗ ಅಲ್ಲ. ಈ ನಿಧಾನಕ್ಕೆ ಹಲವು ಕಾರಣಗಳಿವೆ, ಅದರಲ್ಲಿ ಒಂದು ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಆಮ್ಲಜನಕದ ಚುರುಕು ಕಣಗಳು ಮೈಯಲ್ಲಿ ಮಿತಿಮೀರಿ ಉಳಿದುಬಿಡುವುದು. ಈ ಹೆಸರು ಕೇಳಿದೊಡನೆ ಹಲವರು ಮೆಡಿಕಲ್ ಸ್ಟೋರಿಗೆ ಹೋಗಿ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತರುತ್ತಾರೆ. ಅದರಿಂದ ಆಗುವ ಪ್ರಯೋಜನ ಕಡಿಮೆ. ನಿಜವಾಗಿ ಫಲ ಕೊಡುವುದು ಬೇಗ ಆಪರೇಷನ್, ತಂಬಾಕು ಬಿಡುವುದು, ಸಕ್ಕರೆ ಹಿಡಿತ, ಹೊಟ್ಟೆ ತುಂಬ ಪ್ರೋಟೀನ್, ಮರುದಿನದಿಂದಲೇ ನಡಿಗೆ.

ಇಲ್ಲಿ ಹೆಚ್ಚಾಗಿ ಹೇಳಿರುವುದು ಸೊಂಟದ ಮುರಿತದ ಬಗ್ಗೆ, ಅಂದರೆ ತೊಡೆಮೂಳೆಯ ಮೇಲ್ತುದಿ ಮುರಿಯುವುದು. ನಡುನಡುವೆ ಮಣಿಕಟ್ಟಿನ ಮುರಿತವೂ ಬರುತ್ತದೆ. ವಯಸ್ಸಾದವರಲ್ಲಿ ಬೆನ್ನುಮೂಳೆಯ ಜೊತೆಗೆ ಹೆಚ್ಚು ಮುರಿಯುವುದು ಇವೇ ಎರಡು ಜಾಗ.

ಮುರಿದ ಜಾಗದ ಒಳಗೆ ನಡೆಯುವುದೇನು

ಮೂಳೆ ಮುರಿದಾಗ ಅದರೊಳಗಿನ ರಕ್ತನಾಳಗಳೂ ಹರಿಯುತ್ತವೆ. ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಬಿಳಿ ರಕ್ತಕಣಗಳು ನುಗ್ಗಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಕಣಗಳನ್ನು ಉಗುಳುತ್ತವೆ. ಮೊದಲ ಕೆಲವು ದಿನ ಇವು ಬೇಕೇ ಬೇಕು. ರೋಗಾಣು ಕೊಲ್ಲುವುದು, ಸತ್ತ ಜೀವಕೋಶ ಗುಡಿಸುವುದು, ರಿಪೇರಿ ಕೋಶಗಳನ್ನು ಕರೆಯುವುದು ಇವುಗಳ ಕೆಲಸ. ಎರಡನೇ ವಾರದಿಂದ ಮೃದ್ವಸ್ಥಿಯ ಮೆತ್ತನೆ ಗಂಟು ಕಟ್ಟುತ್ತದೆ. ಡಾಕ್ಟರು ಕ್ಯಾಲಸ್ ಅನ್ನುವುದು ಇದನ್ನೇ. ಮೂರು–ನಾಲ್ಕನೇ ವಾರದಿಂದ ಅದರಲ್ಲಿ ಸುಣ್ಣದಂಶ ಕೂರುತ್ತ ಗಟ್ಟಿಯಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಭಾರ ಹೊರುವಷ್ಟಾಗುತ್ತದೆ. ಆಕಾರ ತಿದ್ದಿಕೊಳ್ಳುವ ಕೆಲಸ ವರ್ಷಗಟ್ಟಲೆ ನಡೆಯುತ್ತದೆ.

ಎಳೆಯ ಮೈಯಲ್ಲಿ ಕೆಲಸ ಮುಗಿದ ಕೂಡಲೇ ಈ ಚುರುಕು ಕಣಗಳನ್ನು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕೆಟಲೇಸ್, ಗ್ಲೂಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ನಂದಿಸುತ್ತವೆ. ವಯಸ್ಸಾದಂತೆ ಎರಡೂ ಕಡೆ ತಾಳ ತಪ್ಪುತ್ತದೆ. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳಿಂದ ಈ ಕಣಗಳ ಸೋರಿಕೆ ಹೆಚ್ಚುತ್ತದೆ, ನಂದಿಸುವ ಶಕ್ತಿ ಕುಗ್ಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಕೊಡುತ್ತಿದ್ದ ರಕ್ಷಣೆಯೂ ಹೋಗಿರುತ್ತದೆ. ಹೀಗೆ ಬೆಂಕಿ ಆರದೆ ಉಳಿದುಬಿಡುವುದೇ ಆಕ್ಸಿಡೇಟಿವ್ ಸ್ಟ್ರೆಸ್.

ಇದರ ಏಟು ಮೂರು ಕಡೆ ಬೀಳುತ್ತದೆ. ಮಜ್ಜೆಯ ಕಾಂಡಕೋಶಗಳು ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್ ಆಗುವ ಬದಲು ಕೊಬ್ಬಿನ ಕೋಶಗಳತ್ತ ವಾಲುತ್ತವೆ. ಮೂಳೆ ಕಟ್ಟಲು ಬೇಕಾದ ಬೀಟಾ–ಕೆಟೆನಿನ್ ಎಂಬ ಪ್ರೋಟೀನು ಫಾಕ್ಸ್–ಓ ಎಂಬ ರಕ್ಷಣಾ ವ್ಯವಸ್ಥೆಯ ಚಾಕರಿಗೆ ಹೋಗಿಬಿಡುವುದು ಇದಕ್ಕೊಂದು ಕಾರಣ. ಎರಡನೆಯದಾಗಿ, ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್‌ಗಳಿಗೆ ಇದೇ ಕಣಗಳು ಹುರುಪು ಕೊಡುತ್ತವೆ. ಮೂರನೆಯದಾಗಿ, ಇವು ನೈಟ್ರಿಕ್ ಆಕ್ಸೈಡನ್ನು ನುಂಗಿಹಾಕುವುದರಿಂದ ಮುರಿದ ಜಾಗಕ್ಕೆ ಹೊಸ ರಕ್ತನಾಳ ಬೆಳೆಯುವುದು ತಡವಾಗುತ್ತದೆ. ರಕ್ತ ಹೋಗದ ಕಡೆ ಮೂಳೆ ಕೂಡುವುದಿಲ್ಲ.

ಆರಂಭದಲ್ಲಿ ಈ ಕಣಗಳು ಬೇಕು, ಆಮೇಲೆ ಆರಬೇಕು. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಅಳಿಸುವ ಔಷಧಿ ಹುಡುಕುವುದಕ್ಕಿಂತ ಬೆಂಕಿಗೆ ತುಪ್ಪ ಸುರಿಯುವುದನ್ನು ನಿಲ್ಲಿಸುವುದು ಜಾಣತನ.

ಹಂತ 1: ಬಿದ್ದ ಮೊದಲ ಗಂಟೆ

ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಮಲಗಿದಲ್ಲೇ ಹಿಮ್ಮಡಿ ಎತ್ತಲಾಗದಿದ್ದರೆ ಸೊಂಟ ಮುರಿದಿದೆ ಎಂದೇ ತಿಳಿಯಿರಿ. ಇದಕ್ಕೆ ವಿರುದ್ಧವಾದದ್ದೂ ಉಂಟು. ಮೂಳೆಯ ತುಂಡುಗಳು ಒಂದರೊಳಗೊಂದು ಸಿಕ್ಕಿಕೊಂಡಾಗ ಕೆಲವರು ಎದ್ದು ನಾಲ್ಕು ಹೆಜ್ಜೆ ಕುಂಟುತ್ತಾರೆ, ‘ಉಳುಕಿದೆ ಅಷ್ಟೇ’ ಎನ್ನುತ್ತಾರೆ. ನಾಲ್ಕು ದಿನದಲ್ಲಿ ತುಂಡು ಸರಿದು ಕಾಲು ಕೈಕೊಡುತ್ತದೆ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಬಿದ್ದ ಮೇಲೆ ತೊಡೆಸಂದಿಯಲ್ಲಿ ನೋವಿದ್ದು ಭಾರ ಊರಲು ಆಗುತ್ತಿಲ್ಲವೆಂದರೆ ಎಂಆರ್‌ಐ ಅಥವಾ ಸಿಟಿ ಕೇಳಿ.

ಎಣ್ಣೆ ತಿಕ್ಕಬೇಡಿ. ಕಾಲು ಎಳೆದು ನೇರ ಮಾಡಬೇಡಿ. ಹೇಗೆ ಬಿದ್ದಿದ್ದಾರೋ ಹಾಗೇ ಮಲಗಿಸಿ ಎರಡೂ ಕಾಲಿನ ನಡುವೆ ದಿಂಬಿಟ್ಟು, ಅಗಲ ಬಟ್ಟೆಯಿಂದ ಕಾಲುಗಳನ್ನು ಜೊತೆಗೆ ಸಡಿಲವಾಗಿ ಕಟ್ಟಿ 108ಕ್ಕೆ ಫೋನ್ ಮಾಡಿ. ಆಟೋದಲ್ಲಿ ಕೂರಿಸಿಕೊಂಡು ಹೋದರೆ ಪ್ರತಿ ಗುಂಡಿಗೂ ತುಂಡು ಅಲುಗಿ ರಕ್ತಸ್ರಾವ ಹೆಚ್ಚುತ್ತದೆ.

ಜೊತೆಗೆ ಒಯ್ಯಬೇಕಾದದ್ದು ದಿನಾ ನುಂಗುವ ಎಲ್ಲ ಮಾತ್ರೆಗಳು, ಸ್ಟ್ರಿಪ್ ಸಮೇತ. ರಕ್ತ ತೆಳು ಮಾಡುವ ವಾರ್ಫರಿನ್, ಎಪಿಕ್ಸಬಾನ್, ಕ್ಲೊಪಿಡೊಗ್ರೆಲ್ ಇದ್ದರೆ ಮೊದಲ ಮಾತಿಗೇ ಹೇಳಿ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಉಪವಾಸವಿದ್ದು ಆಪರೇಷನ್ ಆದಾಗ ಇವು ಕೀಟೊಅಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಏರುವ ಅಪಾಯಕಾರಿ ಸ್ಥಿತಿ ತರಬಲ್ಲವು, ಅದೂ ಸಕ್ಕರೆ ಅಷ್ಟೇನೂ ಏರದೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದೇ ಚೀಲದಲ್ಲಿ ಹಾಕಿಕೊಳ್ಳಿ.

ಇನ್ನು ಪುತ್ತೂರು ಕಟ್ಟು, ನಾಟಿ ಪಟ್ಟಿ. ಗಡಿ ಜಿಲ್ಲೆಗಳಿಂದ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಳ್ಳುವ ರೂಢಿ ಹಳೆಯದು. ಸರಿಯದ ಸಣ್ಣ ಬಿರುಕು ಯಾವ ಕಟ್ಟಿನಲ್ಲಾದರೂ ಕೂಡಬಹುದು. ಸೊಂಟದ ಮುರಿತ ಹಾಗಲ್ಲ. ತೊಡೆಯ ಬಲವಾದ ಸ್ನಾಯುಗಳು ತುಂಡುಗಳನ್ನು ಒಂದೇ ಸಮ ಎಳೆಯುತ್ತಿರುತ್ತವೆ, ಹೊರಗಿನ ಯಾವ ಪಟ್ಟಿಯೂ ಅದನ್ನು ತಡೆಯದು. ತಿಂಗಳುಗಟ್ಟಲೆ ಮಲಗಿದವರು ಹುಣ್ಣು, ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವಿಕೆಯಿಂದ ಸೋಲುತ್ತಾರೆ. ಮಣಿಕಟ್ಟಿಗೆ ಬಿಗಿಯಾಗಿ ಬಿದಿರು ಪಟ್ಟಿ ಕಟ್ಟಿಸಿಕೊಂಡು ಬೆರಳು ತಣ್ಣಗಾಗಿದ್ದರೆ, ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಓಡಿ.

ಹಂತ 2: ಆಪರೇಷನ್ ದಿನ ಮುಂದೂಡಬೇಡಿ

ಮುರಿದ ಮೂಳೆ ಅಲುಗುತ್ತಿರುವಷ್ಟು ಹೊತ್ತೂ ನೋವು, ರಕ್ತಸ್ರಾವ, ಉರಿಯೂತ ಮೂರೂ ಮುಂದುವರಿಯುತ್ತವೆ. ಹಾಸಿಗೆಯಲ್ಲಿ ಕಳೆಯುವ ಪ್ರತಿ ದಿನವೂ ಸ್ನಾಯು ಕರಗುತ್ತದೆ, ಮತ್ತು ಕೆಲಸವಿಲ್ಲದ ಸ್ನಾಯು ತಾನೇ ಚುರುಕು ಕಣಗಳ ಕಾರ್ಖಾನೆಯಾಗುತ್ತದೆ. ಸೇರಿಸಿದ ದಿನ ಅಥವಾ ಮರುದಿನ ಆಪರೇಷನ್ ಆಗಬೇಕು ಎಂಬುದು ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಸೂಚನೆ. 2020ರಲ್ಲಿ ಪ್ರಕಟವಾದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ ಭಾರತವೂ ಸೇರಿ 17 ದೇಶಗಳ 2,970 ರೋಗಿಗಳಿದ್ದರು. ಒಂದು ಗುಂಪಿಗೆ ಮುರಿತ ಗೊತ್ತಾದ ಆರು ಗಂಟೆಯೊಳಗೆ ಆಪರೇಷನ್ ಮಾಡುವ ಗುರಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡಿಸಿಕೊಂಡವರಲ್ಲಿ ಬುದ್ಧಿಭ್ರಮೆ ಮತ್ತು ಮೂತ್ರದ ಸೋಂಕು ಕಡಿಮೆ ಇತ್ತು, ನಡೆಯಲು ಶುರುಮಾಡಿದ್ದು ಬೇಗ. ಅಂದರೆ ಆರು ಗಂಟೆಯೊಳಗೇ ಆಗಬೇಕೆಂದು ಹಠ ಹಿಡಿಯಬೇಕಿಲ್ಲ, ಆದರೆ ಅಮಾವಾಸ್ಯೆ ಕಳೆಯಲಿ, ಮಗ ದುಬೈಯಿಂದ ಬರಲಿ ಎಂದು ನಾಲ್ಕು ದಿನ ತಳ್ಳುವುದು ತಪ್ಪು. ಎಕೋ (ಹೃದಯದ ಸ್ಕ್ಯಾನ್), ಎದೆ ಡಾಕ್ಟರ ಫಿಟ್‌ನೆಸ್ ಎಂದು ಆಸ್ಪತ್ರೆಯೇ ತಡ ಮಾಡುತ್ತಿದ್ದರೆ, ‘ಯಾವ ರಿಪೋರ್ಟಿಗೆ ಕಾಯುತ್ತಿದ್ದೀರಿ, ಅದು ಬಂದರೆ ಚಿಕಿತ್ಸೆ ಬದಲಾಗುತ್ತದಾ’ ಎಂದು ಕೇಳುವ ಹಕ್ಕು ನಿಮಗಿದೆ.

ಯಾವ ಆಪರೇಷನ್ ಎಂಬುದು ಮುರಿದ ಜಾಗದ ಮೇಲೆ ನಿಂತಿದೆ. ತೊಡೆಮೂಳೆಯ ಕುತ್ತಿಗೆ ಮುರಿದು ಸರಿದಿದ್ದರೆ ತಲೆಭಾಗಕ್ಕೆ ಹೋಗುವ ರಕ್ತನಾಳವೂ ಹರಿದಿರುತ್ತದೆ. ಅದನ್ನು ಸ್ಕ್ರೂ ಹಾಕಿ ಕೂಡಿಸಲು ಹೊರಟರೆ ವಯಸ್ಸಾದವರಲ್ಲಿ ಕೂಡದೆ ಉಳಿಯುವುದು, ಮೂಳೆಯ ತಲೆ ಸಾಯುವುದು ಸಾಮಾನ್ಯ. ಅದಕ್ಕೇ ಬಾಲ್, ಅಂದರೆ ತೊಡೆಮೂಳೆಯ ಗುಂಡಗಿನ ತಲೆಯನ್ನು ಬದಲಾಯಿಸುತ್ತಾರೆ. ಆಗ ಮೂಳೆ ಕೂಡುವ ಪ್ರಶ್ನೆಯೇ ಬರುವುದಿಲ್ಲ, ಗಾಯ ಒಣಗಿ ಸ್ನಾಯು ಬಲವಾದರೆ ಸಾಕು. ಕುತ್ತಿಗೆಯ ಕೆಳಗೆ ಮುರಿದಿದ್ದರೆ ರಕ್ತ ಪೂರೈಕೆ ಚೆನ್ನಾಗಿರುತ್ತದೆ, ರಾಡ್ ಅಥವಾ ಪ್ಲೇಟ್–ಸ್ಕ್ರೂ ಹಾಕುತ್ತಾರೆ. ಅಲ್ಲಿ ಮೂಳೆಯೇ ಕೂಡಬೇಕು, ಮೂರರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ನಿಮ್ಮವರಿಗೆ ಯಾವುದಾಗಿದೆ ಎಂದು ತಿಳಿದಿಟ್ಟುಕೊಳ್ಳಿ, ಮುಂದಿನ ಹಲವು ಸೂಚನೆಗಳು ಅದರ ಮೇಲೆ ಬದಲಾಗುತ್ತವೆ.

ಇನ್ನೂ ಮೂರು ವಿಷಯ ವಿಚಾರಿಸಿ. ಆಪರೇಷನ್ನಿಗೆ ಮುಂಚೆಯೇ ತೊಡೆಸಂದಿಯಲ್ಲಿ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರಾ? ಕೊಟ್ಟರೆ ಮಂಪರು ತರುವ ನೋವಿನ ಔಷಧಿ ಕಡಿಮೆ ಸಾಕಾಗುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ? 8ಕ್ಕಿಂತ ಇಳಿದರೆ ಸಾಮಾನ್ಯವಾಗಿ ರಕ್ತ ಕೊಡುತ್ತಾರೆ, ಹೃದ್ರೋಗವಿದ್ದರೆ ಅದಕ್ಕೂ ಮೊದಲೇ. ಮೂತ್ರದ ನಳಿಕೆ ಯಾವಾಗ ತೆಗೆಯುತ್ತಾರೆ? ಒಂದೆರಡು ದಿನದಲ್ಲಿ ಹೋಗಬೇಕು, ಉಳಿದಷ್ಟೂ ಸೋಂಕು.

ಹಂತ 3: ತಂಬಾಕು ಇವತ್ತೇ ನಿಲ್ಲಲಿ

ಬೀಡಿ–ಸಿಗರೇಟಿನ ಪ್ರತಿ ಉಸಿರೂ ಚುರುಕು ಕಣಗಳನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಜೊತೆಗೆ ನಿಕೋಟಿನ್ ರಕ್ತನಾಳ ಮುದುಡಿಸುತ್ತದೆ, ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಆಕ್ರಮಿಸುತ್ತದೆ. ಸೇದುವವರಲ್ಲಿ ಮೂಳೆ ಕೂಡುವುದು ತಡವಾಗುತ್ತದೆ, ಕೂಡದೇ ಉಳಿಯುವುದೂ ಹೆಚ್ಚು.

ನಮ್ಮ ಕಡೆ ಲೆಕ್ಕಕ್ಕೆ ಬಾರದೆ ತಪ್ಪಿಸಿಕೊಳ್ಳುವುದು ಅಜ್ಜಿಯ ಎಲೆಅಡಿಕೆ ಚೀಲ. ಡಾಕ್ಟರು ‘ಸ್ಮೋಕಿಂಗ್ ಇದೆಯಾ’ ಅಂದಾಗ ಎಲ್ಲರೂ ಇಲ್ಲ ಅನ್ನುತ್ತಾರೆ. ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ಯಾವುದರಲ್ಲೂ ಹೊಗೆಯಿಲ್ಲ, ನಿಕೋಟಿನ್ ಮಾತ್ರ ಧಾರಾಳ. ಐವತ್ತು ವರ್ಷದ ಚಟ ಒಂದೇ ದಿನ ನಿಂತಾಗ ಚಡಪಡಿಕೆ, ನಿದ್ದೆಗೇಡು, ಸಿಡುಕು ಬರುತ್ತದೆ, ಅದನ್ನು ಬುದ್ಧಿ ಕೆಟ್ಟಿದೆ ಎಂದುಕೊಳ್ಳುವವರೂ ಇದ್ದಾರೆ. ಮುಂಚೆಯೇ ಡಾಕ್ಟರಿಗೆ ತಿಳಿಸಿ. ಬಾಯಿಗೆ ಏನಾದರೂ ಬೇಕೇ ಬೇಕೆಂದರೆ ಲವಂಗ, ಸೋಂಪು ಕೊಡಿ. ನೋಡಲು ಬರುವ ನೆಂಟರು ಪ್ರೀತಿಯಿಂದ ಹೊಗೆಸೊಪ್ಪು ತಂದುಕೊಡದಂತೆ ಬಾಗಿಲಲ್ಲೇ ಹೇಳಿ.

ಹಂತ 4: ಸಕ್ಕರೆ ಹಿಡಿತದಲ್ಲಿರಲಿ, ಆದರೆ ಕುಸಿಯದಿರಲಿ

ರಕ್ತದಲ್ಲಿ ಸಕ್ಕರೆ ಏರಿದಾಗ ಮೈಟೊಕಾಂಡ್ರಿಯಾಗಳಿಂದ ಸೂಪರ್‌ಆಕ್ಸೈಡ್ ಹೆಚ್ಚು ಸೋರುತ್ತದೆ. ವರ್ಷಗಳಿಂದ ಏರಿಯೇ ಇದ್ದರೆ ಅದು ಮೂಳೆಯ ಕೊಲಾಜನ್ ಎಳೆಗಳಿಗೆ ಅಂಟಿಕೊಂಡು ಅವನ್ನು ಪೆಡಸು ಮಾಡುತ್ತದೆ. ಇದರಿಂದಲೇ ಟೈಪ್ 2 ಮಧುಮೇಹಿಗಳಲ್ಲಿ ಸಾಂದ್ರತೆಯ ಪರೀಕ್ಷೆ ಚೆನ್ನಾಗಿದ್ದರೂ ಮೂಳೆ ಮುರಿಯುತ್ತದೆ.

ಆಸ್ಪತ್ರೆಯಲ್ಲಿರುವಾಗ ಸಕ್ಕರೆ 140ರಿಂದ 180 ನಡುವೆ ಇದ್ದರೆ ಒಳ್ಳೆಯದು. ಮನೆಗೆ ಬಂದ ಮೇಲೆ ವಯಸ್ಸಾದವರಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸುಮಾರು 7.5ರಿಂದ 8 ಸಾಕು. 6ಕ್ಕೆ ಇಳಿಸಲು ಹೋಗಿ ರಾತ್ರಿ ಸಕ್ಕರೆ 60ಕ್ಕೆ ಕುಸಿದರೆ ಬಚ್ಚಲಿಗೆ ಹೋಗುವಾಗ ಮತ್ತೆ ಬೀಳುತ್ತಾರೆ. ಊಟ ಸೇರದ ದಿನ ಗ್ಲಿಮೆಪಿರೈಡ್‌ನಂಥ ಮಾತ್ರೆ ಎಂದಿನಷ್ಟೇ ಕೊಡಬಹುದೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಪಯೋಗ್ಲಿಟಾಜೋನ್ ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚಿಸುತ್ತದೆ. ಚೀಟಿಯಲ್ಲಿ ಆ ಹೆಸರಿದ್ದರೆ ಬದಲಿ ಕೇಳಿ.

ಹಂತ 5: ಊಟ

ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಆಪರೇಷನ್ ಆಗಿದೆ, ಜೀರ್ಣವಾಗಲ್ಲ ಎಂದು ಗಂಜಿ, ತಿಳಿಸಾರು, ಬ್ರೆಡ್ಡು. ಅದರ ಮೇಲೆ ‘ನಂಜು’ ಎಂದು ಮೊಟ್ಟೆ, ಕಡಲೆಕಾಯಿ, ಬೇಳೆ, ಮೀನು, ಬದನೆಕಾಯಿ ಎಲ್ಲ ಬಂದ್. ಪಥ್ಯದ ಈ ಪಟ್ಟಿಯನ್ನು ನೋಡಿ: ಬದನೆಕಾಯಿ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರೋಟೀನು. ಈ ಪದಾರ್ಥಗಳಿಂದ ಗಾಯ ಕೀವಾಗುವುದಿಲ್ಲ. ಮೂಳೆಯ ಗಾತ್ರದಲ್ಲಿ ಹತ್ತಿರ ಹತ್ತಿರ ಅರ್ಧ ಪ್ರೋಟೀನು, ಅದರಲ್ಲೂ ಕೊಲಾಜನ್. ಚುರುಕು ಕಣಗಳನ್ನು ನಂದಿಸುವ ಗ್ಲೂಟಾಥಯೋನ್ ಕೂಡ ಆಹಾರದ ಅಮೈನೋ ಆಮ್ಲಗಳಿಂದಲೇ ಆಗಬೇಕು. ಗಂಜಿ ಕುಡಿದವರ ಮೈ ತನ್ನ ತೊಡೆಯ ಸ್ನಾಯುವನ್ನೇ ಕರಗಿಸಿ ಆ ಕೆಲಸಕ್ಕೆ ಬಳಸುತ್ತದೆ. ಆಮೇಲೆ ಮೂಳೆ ಕೂಡಿದರೂ ಎದ್ದು ನಿಲ್ಲಲು ಬಲವಿರುವುದಿಲ್ಲ.

ಮೂಳೆ ಮುರಿದ ವಯಸ್ಸಾದವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು. 50 ಕಿಲೋ ತೂಗುವ ಅಜ್ಜಿಗೆ 60ರಿಂದ 75 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರು ಹೇಳಿದಷ್ಟು. ಸಾಮಾನ್ಯ ಮನೆಯ ಅಡುಗೆಯಲ್ಲೇ ಇದನ್ನು ಹೀಗೆ ಮುಟ್ಟಬಹುದು:

- ಬೆಳಿಗ್ಗೆ ಎದ್ದ ಕೂಡಲೇ ಹಾಲು 200 ಮಿ.ಲೀ.: ಆರೂವರೆ ಗ್ರಾಂ
- ತಿಂಡಿಗೆ 50 ಗ್ರಾಂ ಹೆಸರುಬೇಳೆ ರುಬ್ಬಿ ಮಾಡಿದ ದೋಸೆ, ಒಂದು ಬೇಯಿಸಿದ ಮೊಟ್ಟೆ: 18 ಗ್ರಾಂ
- ಮಧ್ಯಾಹ್ನ 80 ಗ್ರಾಂ ಹಿಟ್ಟಿನ ರಾಗಿ ಮುದ್ದೆ, 40 ಗ್ರಾಂ ತೊಗರಿಬೇಳೆ ಹಾಕಿದ ಗಟ್ಟಿ ನುಗ್ಗೆಸೊಪ್ಪಿನ ಸಾರು, ಒಂದು ಬಟ್ಟಲು ಮೊಸರು: 19 ಗ್ರಾಂ
- ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಸೀಬೆಹಣ್ಣು: 6 ಗ್ರಾಂ
- ರಾತ್ರಿ ಎರಡು ಚಪಾತಿ, 50 ಗ್ರಾಂ ಪನೀರ್ ಪಲ್ಯ (ಮಾಂಸಾಹಾರಿಗಳಿಗೆ ಅಷ್ಟೇ ಮೀನು): 14 ಗ್ರಾಂ
- ಮಲಗುವಾಗ ಹಾಲು 150 ಮಿ.ಲೀ.: 5 ಗ್ರಾಂ

ಒಟ್ಟು 68 ಗ್ರಾಂ ಆಸುಪಾಸು. ಮೊಟ್ಟೆ ತಿನ್ನದವರು ಆ ಜಾಗಕ್ಕೆ 12 ಗ್ರಾಂ ಸೋಯಾ ಚಂಕ್ಸ್ ಸೇರಿಸಿದರೆ ಸರಿಹೋಗುತ್ತದೆ. ತೂಕವೆಲ್ಲ ಹಸಿ ಪದಾರ್ಥದ್ದು. ತಕ್ಕಡಿ ಇಲ್ಲದಿದ್ದರೆ ಚಿಂತೆಯಿಲ್ಲ, ಸಾರಿನಲ್ಲಿ ಸೌಟು ಹಾಕಿದರೆ ತಳದ ಬೇಳೆ ಅವರ ತಟ್ಟೆಗೆ ಹೋಗಲಿ, ಮೇಲಿನ ತಿಳಿ ನಿಮಗಿರಲಿ.

ಹಲ್ಲಿಲ್ಲದವರಿಗೆ ಕಡಲೆಕಾಯಿಯನ್ನು ಶೇಂಗಾ ಪುಡಿ ಮಾಡಿ ಮೊಸರಿಗೆ ಕಲಸಿ ಕೊಡಿ. ನುಂಗಲು ಕಷ್ಟವೆಂದರೆ ಮುದ್ದೆ ಬೇಡ, ಮೊಳಕೆ ರಾಗಿ ಹಿಟ್ಟಿನ ಅಂಬಲಿಗೆ ಹಾಲು ಬೆರೆಸಿ. ಮೊಳಕೆ ಬರಿಸಿದಾಗ ಸುಣ್ಣದಂಶ ಹೀರಿಕೊಳ್ಳಲು ಅಡ್ಡಿಯಾಗುವ ಫೈಟೇಟ್ ಕಡಿಮೆಯಾಗುವ ಲಾಭವೂ ಇದೆ.

ಇದೇ ಊಟದಲ್ಲಿ ಕ್ಯಾಲ್ಸಿಯಂ ಲೆಕ್ಕವೂ ಮುಗಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ, ನೂರು ಮಿ.ಲೀ. ಹಾಲಿನಲ್ಲಿ 120, ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ 300ರ ಮೇಲೆ. ದಿನಕ್ಕೆ ಬೇಕಾದ 1,000–1,200 ಸುಲಭವಾಗಿ ದಾಟುತ್ತದೆ. ಪಾಲಕ್ ಸೊಪ್ಪನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಬಿಡುತ್ತದೆ. ಕಾಲು ಸೂಪ್ ಕುಡಿದರೆ ಮೂಳೆಗೆ ಮೂಳೆ ಎಂಬ ನಂಬಿಕೆಯಿದೆ. ರುಚಿಗೆ ಕುಡಿಯಲಿ, ಎಷ್ಟು ಕುದಿಸಿದರೂ ಅದರ ನೀರಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆ.

ವಿಟಮಿನ್ ಸಿ ಇಲ್ಲದೆ ಕೊಲಾಜನ್ ಎಳೆ ಹೆಣೆಯಲಾಗದು. ದಿನಕ್ಕೆ ಒಂದು ಸೀಬೆಹಣ್ಣು ಅಥವಾ ಒಂದು ಬೆಟ್ಟದ ನೆಲ್ಲಿಕಾಯಿ ಸಾಕೋ ಸಾಕು. ನಿಂಬೆರಸ ಹಿಂಡುವುದಾದರೆ ಚಿತ್ರಾನ್ನ ಒಲೆಯಿಂದ ಇಳಿಸಿದ ಮೇಲೆ ಹಿಂಡಿ.

ಹಂತ 6: ವಿಟಮಿನ್ ಡಿ ಮತ್ತು ಮಾತ್ರೆಗಳ ಹೊತ್ತು

ಬಿಸಿಲಿನ ನಾಡಿನಲ್ಲಿದ್ದರೂ ನಮ್ಮ ವಯಸ್ಸಾದವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ರಕ್ತದಲ್ಲಿ ಮಿ.ಲೀ.ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಡಾಕ್ಟರು ಬರೆಯುವುದು ಬಹುಪಾಲು 60,000 ಐಯು ಸ್ಯಾಶೆ, ವಾರಕ್ಕೊಂದರಂತೆ ಎಂಟು ವಾರ. ‘ವಾರಕ್ಕೊಂದು’ ಎಂಬುದನ್ನು ‘ದಿನಕ್ಕೊಂದು’ ಎಂದುಕೊಂಡು ನುಂಗಿಸಿ ರಕ್ತದಲ್ಲಿ ಕ್ಯಾಲ್ಸಿಯಂ ಉಕ್ಕಿ, ವಾಂತಿ, ಮಲಬದ್ಧತೆ, ಮಂಕು, ಕಿಡ್ನಿ ಪೆಟ್ಟಾಗಿ ಆಸ್ಪತ್ರೆ ಸೇರಿದವರಿದ್ದಾರೆ. ಭಾನುವಾರ ಎಂದು ಸ್ಯಾಶೆಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಕೊಬ್ಬಿನಂಶವಿರುವ ಊಟದ ಜೊತೆ ಕೊಟ್ಟರೆ ಚೆನ್ನಾಗಿ ಹೀರುತ್ತದೆ. ಎಂಟು ವಾರ ಮುಗಿದ ಮೇಲೆ ತಾವೇ ಮುಂದುವರಿಸಬೇಡಿ.

ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಊಟದ ಜೊತೆ. ಗ್ಯಾಸಿನ ಮಾತ್ರೆ ನುಂಗುವವರಿಗೆ ಹೊಟ್ಟೆಯಲ್ಲಿ ಆಮ್ಲ ಸಾಲದು, ಅವರಿಗೆ ಸಿಟ್ರೇಟ್ ರೂಪ ಮೇಲು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ಕೊಡಿ, ಅದೂ ಕೊರತೆ ಇದ್ದರೆ ಮಾತ್ರ. ಹೆಚ್ಚಾಗಿ ಉಳಿದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಇನ್ನೂ ಕ್ರೂರವಾದ ಹೈಡ್ರಾಕ್ಸಿಲ್ ಕಣವಾಗಿ ಮಾರ್ಪಡಿಸುತ್ತದೆ.

ಹಂತ 7: ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಬೇಕೇ?

ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಲೈಕೋಪೀನ್, ಸೆಲೆನಿಯಂ, ವಿಟಮಿನ್ ಇ, ಬೀಟಾ ಕೆರೊಟಿನ್ ಎಲ್ಲ ಸೇರಿದ ಒಂದು ಬಣ್ಣದ ಕ್ಯಾಪ್ಸೂಲ್ ಇರುವುದು ನಮ್ಮಲ್ಲಿ ವಾಡಿಕೆ. ಇಲಿಗಳ ಮುರಿದ ಮೂಳೆಯ ಮೇಲೆ ಇಂಥವು ಒಳ್ಳೆಯ ಫಲ ತೋರಿಸಿರುವುದು ನಿಜ. ವಯಸ್ಸಾದ ಮನುಷ್ಯರ ಮೂಳೆ ಇವುಗಳಿಂದ ಬೇಗ ಕೂಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ವಿಟಮಿನ್ ಸಿ ಕಥೆಯನ್ನೇ ನೋಡಿ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಣಿಕಟ್ಟು ಮುರಿದವರಿಗೆ ದಿನಕ್ಕೆ 500 ಮಿ.ಗ್ರಾಂನಂತೆ 50 ದಿನ ಕೊಟ್ಟಾಗ, ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಉರಿದು ಊದಿಕೊಳ್ಳುವ ಸಿಆರ್‌ಪಿಎಸ್ ಎಂಬ ತೊಂದರೆ ಕಡಿಮೆಯಾಯಿತು. ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಮಣಿಕಟ್ಟಿನ ಮುರಿತಕ್ಕೆ ಡಾಕ್ಟರು 500 ಮಿ.ಗ್ರಾಂ ಬರೆದರೆ ನುಂಗಲು ಅಡ್ಡಿಯಿಲ್ಲ. ಕಿಡ್ನಿ ಕಲ್ಲು ಆಗಿದ್ದವರು ಮೊದಲೇ ಹೇಳಿ.

ವಿಟಮಿನ್ ಇ, ಬೀಟಾ ಕೆರೊಟಿನ್ ಮಾತ್ರ ನಿರುಪದ್ರವಿಗಳಲ್ಲ. ಫಿನ್ಲೆಂಡಿನಲ್ಲಿ 29,133 ಗಂಡಸು ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕೆರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತು. ದಿನಕ್ಕೆ 400 ಐಯು ವಿಟಮಿನ್ ಇ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿದ್ದು 2011ರಲ್ಲಿ ಗೊತ್ತಾಯಿತು. ಹೆಚ್ಚಿನ ಪ್ರಮಾಣದ ವಿಟಮಿನ್ ಇ, ರಕ್ತ ತೆಳು ಮಾಡುವ ಮಾತ್ರೆಯೊಂದಿಗೆ ಸೇರಿದರೆ ರಕ್ತಸ್ರಾವದ ಭಯ. ಅರಿಶಿನದ ಕ್ಯಾಪ್ಸೂಲಿಗೂ ಇದೇ ಮಾತು. ರಾತ್ರಿಯ ಅರಿಶಿನ ಹಾಲು ಕುಡಿಯಲಿ, ಅದರಲ್ಲಿ ಮೂಳೆಗೆ ಸಿಗುವ ನಿಜವಾದ ಲಾಭ ಹಾಲಿನದು. ಕ್ಯಾಪ್ಸೂಲಿಗೆ ತಿಂಗಳಿಗೆ ಸುರಿಯುವ ದುಡ್ಡಿನಲ್ಲಿ ಮೊಟ್ಟೆ, ಹಣ್ಣು ತನ್ನಿ.

ಹಂತ 8: ನೋವು ಇಳಿಸಿ, ನಡೆಸಿ

ನೋವು ಇಳಿಯದೆ ಯಾರೂ ನಡೆಯಲಾರರು. ಪ್ಯಾರಾಸಿಟಮಾಲ್ 650 ಮಿ.ಗ್ರಾಂ ಆರು ಗಂಟೆಗೊಮ್ಮೆ, ನೋವು ಬರಲೆಂದು ಕಾಯದೆ ಹೊತ್ತಿಗೆ ಸರಿಯಾಗಿ ಕೊಡುವುದು ಮೊದಲ ಹೆಜ್ಜೆ. ದಿನಕ್ಕೆ 3 ಗ್ರಾಂ ದಾಟಬಾರದು, ಲಿವರ್ ತೊಂದರೆಯಿದ್ದರೆ ಇನ್ನೂ ಕಡಿಮೆ. ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್ ಮಾತ್ರೆಗಳನ್ನು ಅಂಗಡಿಯಿಂದ ತಂದು ವಾರಗಟ್ಟಲೆ ಕೊಡಬೇಡಿ. ಮೂಳೆ ಕೂಡಲು ಅಡ್ಡಿಯಾಗುತ್ತವೋ ಇಲ್ಲವೋ ಎಂಬ ಚರ್ಚೆ ಇನ್ನೂ ನಡೆದಿದೆ, ಆದರೆ ವಯಸ್ಸಾದವರ ಕಿಡ್ನಿ, ಹೊಟ್ಟೆ, ಬಿಪಿಗೆ ಪೆಟ್ಟು ಖಂಡಿತ. ಟ್ರಮಡಾಲ್ ಬರೆದಿದ್ದರೆ ಮಲಬದ್ಧತೆಗೂ ಅದೇ ದಿನ ಔಷಧಿ ಶುರುಮಾಡಿ. ಹೆಸರಿಲ್ಲದ ಪೊಟ್ಟಣದ ‘ಮಂಡಿನೋವಿನ ಪುಡಿ’ಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಅದು ಮೂಳೆಯನ್ನೇ ತಿನ್ನುತ್ತದೆ.

ನಡಿಗೆ ಯಾವ ಕ್ಯಾಪ್ಸೂಲಿಗಿಂತ ಮಿಗಿಲು. ಹದವಾಗಿ ದುಡಿದ ಸ್ನಾಯುವಿನಲ್ಲಿ ಮೈಯ ಸ್ವಂತ ಆಂಟಿಆಕ್ಸಿಡೆಂಟ್ ಕಿಣ್ವಗಳು ಹೆಚ್ಚುತ್ತವೆ, ಭಾರ ಬಿದ್ದ ಮೂಳೆಗೆ ಕಟ್ಟಿಕೊಳ್ಳುವ ಸಂದೇಶ ಹೋಗುತ್ತದೆ.

ಆಪರೇಷನ್ ಆದ ದಿನ ಎಚ್ಚರವಾದ ಮೇಲೆ ಗಂಟೆಗೊಮ್ಮೆ ಪಾದವನ್ನು ಹತ್ತು ಸಲ ಮೇಲೆ–ಕೆಳಗೆ ಆಡಿಸಲಿ. ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಲಿ. ಮರುದಿನ ಫಿಸಿಯೋಥೆರಪಿಸ್ಟ್ ಜೊತೆ ಹಾಸಿಗೆ ಅಂಚಿನಲ್ಲಿ ಕೂತು, ತಲೆಸುತ್ತು ಇಲ್ಲವೆಂದು ಎರಡು ನಿಮಿಷ ನೋಡಿ ವಾಕರ್ ಹಿಡಿದು ನಿಲ್ಲಲಿ. ಸೊಂಟದ ಆಪರೇಷನ್ ಆದ ಹೆಚ್ಚಿನವರು ತಡೆಯುವಷ್ಟು ಭಾರವನ್ನು ಆಗಲೇ ಹಾಕಬಹುದು. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಮಾತ್ರ ಅದನ್ನು ಬರೆಸಿಕೊಳ್ಳಿ. ಮೂರನೇ ದಿನಕ್ಕೆ ಶೌಚಾಲಯದವರೆಗೆ, ಆಮೇಲೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ.

ಕೈ ಇಳಿಬಿಟ್ಟು ನಿಂತಾಗ ವಾಕರಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮವಿರಬೇಕು. ಕ್ರಮ ಹೀಗೆ: ಮೊದಲು ವಾಕರ್ ಮುಂದಿಡುವುದು, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮುಂದೆ ಕೋಲು ಹಿಡಿದರೆ ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ. ಬಹಳಷ್ಟು ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ.

ಬಾಲ್ ಬದಲಾಯಿಸಿದವರು ಮೊದಲ ಮೂರು ತಿಂಗಳು ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕಾಲಮೇಲೆ ಕಾಲು ಹಾಕಬಾರದು, ತಗ್ಗು ಸೋಫಾದಲ್ಲಿ ಮುಳುಗಿ ಕೂರಬಾರದು. ಬಾಲ್ ಜಾರುತ್ತದೆ. ಇಂಡಿಯನ್ ಟಾಯ್ಲೆಟ್ ಮಾತ್ರ ಇರುವ ಮನೆಗೆ ಡಿಸ್ಚಾರ್ಜ್‌ಗೆ ಮೊದಲೇ ಕಮೋಡ್ ಚೇರ್ ತಂದಿಡಿ. ಮಣಿಕಟ್ಟಿನ ಪ್ಲಾಸ್ಟರ್ ಐದಾರು ವಾರ ಇರುತ್ತದೆ, ಅಷ್ಟು ದಿನವೂ ಬೆರಳು, ಮೊಣಕೈ, ಭುಜ ಮೂರನ್ನೂ ದಿನಕ್ಕೆ ನಾಲ್ಕು ಸಲ ಆಡಿಸಬೇಕು. ಕೈಯನ್ನು ಜೋಳಿಗೆಯಲ್ಲಿ ಇಳಿಬಿಟ್ಟು ಕೂತವರಿಗೇ ಭುಜ ಹಿಡಿಯುತ್ತದೆ.

ಹಂತ 9: ಎಡವಟ್ಟಾಗಿದೆ ಎಂದು ಗುರುತಿಸುವುದು

ಮೀನಖಂಡ ಒಂದೇ ಕಾಲಿನಲ್ಲಿ ಊದಿ ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ರಾತ್ರಿಯಾದರೂ ಸರಿ, ಹೊರಡಿ. ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಅಥವಾ ಮಾತ್ರೆ ಸಾಮಾನ್ಯವಾಗಿ ನಾಲ್ಕೈದು ವಾರ ಇರುತ್ತದೆ, ಮನೆಗೆ ಬಂದೆವೆಂದು ನಿಲ್ಲಿಸಬೇಡಿ. ಹೊಲಿಗೆಯಿಂದ ಐದು ದಿನದ ನಂತರವೂ ನೀರು ಜಿನುಗುತ್ತಿದ್ದರೆ, ಕೆಂಪಾಗಿ ಜ್ವರ ಬಂದರೆ ಸೋಂಕು. ಹೊಲಿಗೆ ಬಿಚ್ಚುವುದು 12–14ನೇ ದಿನ. ಸರಿಯಿದ್ದವರು ದಿಢೀರನೆ ಮಗನನ್ನೇ ಗುರುತಿಸದಿದ್ದರೆ ‘ವಯಸ್ಸು’ ಎಂದು ಬಿಡಬೇಡಿ. ಮೂತ್ರ ಕಟ್ಟಿದೆಯೇ, ಸೋಡಿಯಂ ಇಳಿದಿದೆಯೇ, ಸೋಂಕಾಗಿದೆಯೇ ನೋಡಿಸಿ. ಕನ್ನಡಕ, ಕಿವಿಯ ಮಷಿನ್ ಹಾಕಿಸಿ, ಹಗಲು ಬೆಳಕು ಬರಲಿ. ಮಲಗಿರುವಷ್ಟು ದಿನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ.

ಎಕ್ಸ್‌ರೇ ಆರು ವಾರಕ್ಕೆ, ಹನ್ನೆರಡು ವಾರಕ್ಕೆ. ಆರು ವಾರಕ್ಕೆ ಕ್ಯಾಲಸ್ ಕಾಣದಿದ್ದರೆ ಗಾಬರಿ ಬೇಡ. ಮೂರು ತಿಂಗಳಾದರೂ ಭಾರ ಹಾಕಿದಾಗ ತೊಡೆಯಲ್ಲಿ ನೋವು ಏರುತ್ತಿದ್ದರೆ, ಕಾಲು ಮತ್ತೆ ಗಿಡ್ಡವಾಗುತ್ತಿದ್ದರೆ ಸ್ಕ್ರೂ ಸರಿದಿದೆಯೇ ನೋಡಬೇಕು. ಒಂಬತ್ತು ತಿಂಗಳಾಗಿ, ಕೊನೆಯ ಮೂರು ತಿಂಗಳಲ್ಲಿ ಏನೂ ಪ್ರಗತಿ ಕಾಣದಿದ್ದರೆ ಕೂಡಿಲ್ಲ ಎಂದು ಲೆಕ್ಕ. ಆಗ ಸೋಂಕು, ಥೈರಾಯ್ಡ್, ವಿಟಮಿನ್ ಡಿ, ಬಿಡದ ತಂಬಾಕು ಎಲ್ಲವನ್ನೂ ಮತ್ತೆ ಕೆದಕಬೇಕಾಗುತ್ತದೆ.

ಹಂತ 10: ಇನ್ನೊಂದು ಮುರಿಯದಂತೆ

ನಿಂತಲ್ಲಿಂದ ಬಿದ್ದು ಸೊಂಟ ಮುರಿದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಸವೆತದ ಗಡಿಯಾದ ಮೈನಸ್ 2.5 ಬರಲೇಬೇಕೆಂದಿಲ್ಲ. ರಾಡ್ ಹಾಕಿ ಕಳಿಸುವಾಗ ಮೂಳೆ ಸವೆತಕ್ಕೆ ಔಷಧಿ ಬರೆಯದೆ ಬಿಡುವುದು ತೀರಾ ಸಾಮಾನ್ಯ, ನೀವೇ ಬಾಯಿಬಿಟ್ಟು ಕೇಳಬೇಕು. ಸೊಂಟ ಮುರಿದ 2,127 ಜನರಿಗೆ ಆಪರೇಷನ್ ಆಗಿ 90 ದಿನದೊಳಗೆ ಮೂಳೆ ಸವೆತ ತಡೆಯುವ ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ ಅಥವಾ ಬರೀ ಸಲೈನ್ ವರ್ಷಕ್ಕೊಮ್ಮೆ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ಬಂತು. ಔಷಧಿ ಪಡೆದವರಲ್ಲಿ ಹೊಸ ಮುರಿತ ಶೇ 35, ಸಾವು ಶೇ 28 ಕಡಿಮೆ. ಮೂಳೆ ಕೂಡಲು ಅದು ಅಡ್ಡಿಯಾಗಲಿಲ್ಲ. ಎರಡು ವಾರ ಕಳೆದ ಮೇಲೆ, ವಿಟಮಿನ್ ಡಿ ತುಂಬಿಸಿ, ಕಿಡ್ನಿ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ ಕೊಡುತ್ತಾರೆ. ಮರುದಿನ ಜ್ವರ, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ಸಾಕು.

ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಮಿ.ಗ್ರಾಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಕಾಫಿಯಲ್ಲಲ್ಲ, ಒಂದು ಲೋಟ ತುಂಬ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಶುರುಮಾಡಿದರೆ ತಪ್ಪಿಸಬಾರದು, ನಡುವೆ ಬಿಟ್ಟರೆ ಬೆನ್ನುಮೂಳೆಗಳು ಸಾಲಾಗಿ ಕುಸಿಯಬಹುದು.

ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಒಂದು ಸಂಜೆ ಸಾಕು. ಹಾಸಿಗೆಯಿಂದ ಬಚ್ಚಲಿನವರೆಗೆ ನೀವೇ ದೀಪ ಆರಿಸಿ ನಡೆದು ನೋಡಿ. ಜಾರುವ ಕಾಲೊರಸು, ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ, ಟಿವಿ ವೈರು ಅಲ್ಲೇ ಸಿಗುತ್ತವೆ. ಬಚ್ಚಲ ಗೋಡೆಗೆ ಹಿಡಿ ಹಾಕಿಸಿ, ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಪಂಚೆ–ಸೀರೆ ನೆಲಕ್ಕೆ ತಾಗದಿರಲಿ. ಕಣ್ಣಿನ ಪೊರೆ ಬಂದಿದ್ದರೆ ಮುಂದೂಡದೆ ತೆಗೆಸಿ. ನಿದ್ದೆಗೆಂದು ವರ್ಷಗಳಿಂದ ನುಂಗುತ್ತಿರುವ ಆಲ್ಪ್ರಜೋಲಮ್ ಇದ್ದರೆ ಒಮ್ಮೆಲೇ ನಿಲ್ಲಿಸದೆ, ಡಾಕ್ಟರ ಸಲಹೆಯಂತೆ ವಾರ ವಾರ ತಗ್ಗಿಸುತ್ತ ಬಿಡಿಸಿ.